ದೇವಕರುಣೆಯ ಜಪಸರ: ದಿನದ ಗದ್ದಲದ ನಡುವೆ ಪ್ರಾರ್ಥಿಸುವ ಬಗೆ

ಭಾನುವಾರದ ಬಲಿಪೂಜೆ ಮುಗಿದು ಜನ ಚರ್ಚಿನ ಮೆಟ್ಟಿಲಿಳಿಯುವಾಗ ಯಾರಾದರೊಬ್ಬರು ನನ್ನನ್ನು ತಡೆದು ಕೇಳುವ ಪ್ರಶ್ನೆಯೊಂದಿದೆ: “ಮಧ್ಯಾಹ್ನ ಮೂರು ಗಂಟೆಗೆ ನನಗೆ ಬಿಡುವೇ ಇರುವುದಿಲ್ಲ. ರಾತ್ರಿ ಹೇಳಿದರೆ ದೇವಕರುಣೆಯ ಜಪಸರಕ್ಕೆ ಫಲವಿಲ್ಲವೇ?” ದೇವಕರುಣೆಯ ಜಪಸರವೆಂದರೆ ಜಪಸರದ ಮಣಿಗಳನ್ನು ಎಣಿಸುತ್ತಾ ಇಡೀ ಜಗತ್ತಿಗಾಗಿ ದೇವರ ಕರುಣೆಯನ್ನು ಬೇಡುವ ಕಥೋಲಿಕ ಪ್ರಾರ್ಥನೆ. ಅದನ್ನು ಮಧ್ಯಾಹ್ನ ಮೂರಕ್ಕೆ ಹೇಳುವುದು ಹಲವರ ರೂಢಿ. ಹೀಗೆ ಕೇಳುವವರಲ್ಲಿ ಆಸ್ಪತ್ರೆಯ ನರ್ಸುಗಳಿದ್ದಾರೆ, ಗಾರ್ಮೆಂಟ್ ಕಾರ್ಖಾನೆಯ ಹೆಣ್ಣುಮಕ್ಕಳಿದ್ದಾರೆ, ಶಾಲಾ ವಾಹನ ಓಡಿಸುವವರಿದ್ದಾರೆ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಅಳುಕುತ್ತಾ ಕೇಳುತ್ತಾರೆ. ಕರುಣೆಯನ್ನು ಬೇಡುವ ಪ್ರಾರ್ಥನೆಯೇ ಮನಸ್ಸಿಗೆ ಭಯ ತರುತ್ತಿದೆಯೆಂದರೆ, ಅದನ್ನು ಹೇಳಿಕೊಡುವಾಗ ನಾವು ಎಲ್ಲೋ ಎಡವಿದ್ದೇವೆ. ಈ ಬರಹ ಅಂಥವರಿಗಾಗಿ. ಹೊಸದಾಗಿ ಆರಂಭಿಸುವವರಿಗೂ, ಆರಂಭಿಸಿ ನಡುವೆ ಬಿಟ್ಟವರಿಗೂ ಇದು ಒದಗೀತು.

ಮೊದಲಿಗೇ ಒಂದು ಮಾತು. ಈ ಭಕ್ತಿ ಕಡ್ಡಾಯವಲ್ಲ. ಸಂತರಿಗೆ ದೊರೆತ ದರ್ಶನಗಳನ್ನು ಧರ್ಮಸಭೆ ಖಾಸಗಿ ಪ್ರಕಟಣೆಗಳೆಂದು ಕರೆಯುತ್ತದೆ. ಶುಭಸಂದೇಶಕ್ಕೆ ಅವು ಹೊಸದೇನನ್ನೂ ಸೇರಿಸುವುದಿಲ್ಲ. ಶುಭಸಂದೇಶವನ್ನೇ ಇನ್ನಷ್ಟು ಆಳವಾಗಿ ಬಾಳಲು ನೆರವಾಗುತ್ತವೆ. ಜಪಸರ ಹೇಳದ ಕಥೋಲಿಕರು ಯಾವ ಪಾಪವನ್ನೂ ಮಾಡುವುದಿಲ್ಲ. ಹಾಗಿದ್ದೂ ನಾನು ಇದನ್ನು ಇಷ್ಟು ಆಸ್ಥೆಯಿಂದ ಹೇಳಿಕೊಡುವುದೇಕೆಂದರೆ, ನಾವು ಸಾಮಾನ್ಯವಾಗಿ ಮಾಡುವ “ನನಗೆ ಇದು ಕೊಡಿ, ಅದು ಕೊಡಿ” ಎಂಬ ಪ್ರಾರ್ಥನೆಯಿಂದ ಇದು ನಮ್ಮನ್ನು ಮೆಲ್ಲಗೆ ಹೊರಗೆ ಕರೆತರುತ್ತದೆ. ಐವತ್ತು ಸಲ ಬಾಯಿಗೆ ಬರುವ ಸಾಲಿನಲ್ಲಿ ‘ನನ್ನ ಮೇಲೆ’ ಎಂಬ ಮಾತೇ ಇಲ್ಲ. ಅಲ್ಲಿರುವುದು ‘ನಮ್ಮ ಮೇಲೂ ಇಡೀ ಜಗತ್ತಿನ ಮೇಲೂ’.

ಇದು ಬಂದ ದಾರಿ

ಹೆಲೆನಾ ಕೊವಾಲ್ಸ್ಕಾ 1905ರ ಆಗಸ್ಟ್ 25ರಂದು ಪೋಲೆಂಡಿನ ಗ್ವೊಗೊವಿಯೆತ್ಸ್ ಎಂಬ ಹಳ್ಳಿಯಲ್ಲಿ, ಹತ್ತು ಮಕ್ಕಳ ಬಡ ರೈತ ಕುಟುಂಬದಲ್ಲಿ ಮೂರನೆಯವಳಾಗಿ ಹುಟ್ಟಿದಳು. ಶಾಲೆಗೆ ಹೋದದ್ದು ಸುಮಾರು ಮೂರು ವರ್ಷ. ಹದಿಹರೆಯದಲ್ಲೇ ಮನೆಗೆಲಸಕ್ಕೆ ಸೇರಿದಳು. 1925ರಲ್ಲಿ ವಾರ್ಸಾದ ಕರುಣಾಮಾತೆಯ ಭಗಿನಿಯರ ಮಠದ ಬಾಗಿಲು ತಟ್ಟಿ ಒಳಗೆ ಹೋದವಳು ಅಲ್ಲಿ ಸಿಸ್ಟರ್ ಫೌಸ್ತಿನಾ ಆದಳು. ಮಠದಲ್ಲಿ ಅವರಿಗೆ ಸಿಕ್ಕ ಕೆಲಸಗಳು ಅಡುಗೆ, ತೋಟ, ಬಾಗಿಲು ಕಾಯುವುದು. 1931ರ ಫೆಬ್ರವರಿ 22ರಂದು ಪ್ವೊತ್ಸ್ಕ್ ಪಟ್ಟಣದ ಮಠದಲ್ಲಿ ಅವರಿಗೆ ಪ್ರಭು ಯೇಸುವಿನ ದರ್ಶನವಾಯಿತು. ಬಿಳಿ ಉಡುಪು, ಆಶೀರ್ವದಿಸಲು ಎತ್ತಿದ ಒಂದು ಕೈ, ಎದೆಯ ಬಳಿ ಉಡುಪನ್ನು ಮುಟ್ಟಿದ ಇನ್ನೊಂದು ಕೈ, ಅಲ್ಲಿಂದ ಹೊರಟ ಎರಡು ಕಿರಣಗಳು. ಈ ಚಿತ್ರವನ್ನು ಬರೆಸಿ, ಕೆಳಗೆ ‘ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ’ ಎಂದು ಬರೆಸಬೇಕೆಂಬ ಅಪ್ಪಣೆ ಸಿಕ್ಕಿತು.

ಇಂದು ಲಿಥುವೇನಿಯಾದಲ್ಲಿರುವ ವಿಲ್ನಿಯಸ್ ನಗರದಲ್ಲಿ ಫೌಸ್ತಿನಾರ ಪಾಪನಿವೇದನೆ ಕೇಳುತ್ತಿದ್ದ ಫಾದರ್ ಮಿಹಾವ್ ಸೊಪೊಚ್ಕೊ, ಆಕೆಯ ಮಾತನ್ನು ನಂಬಿ, ಅನುಭವಗಳನ್ನೆಲ್ಲ ಬರೆದಿಡಲು ಹೇಳಿದರು. ಅದೇ ಅವರ ದಿನಚರಿ. ಜಪಸರದ ಮಾತುಗಳು ಅವರಿಗೆ ತಿಳಿದದ್ದು ಅದೇ ನಗರದಲ್ಲಿ, 1935ರ ಸೆಪ್ಟೆಂಬರ್ 13ರ ಶುಕ್ರವಾರ ಸಂಜೆ. ಭೂಮಿಯನ್ನು ದಂಡಿಸಲು ಹೊರಟ ದೇವದೂತನನ್ನು ಕಂಡು ಅವರು ಬೇಡತೊಡಗಿದಾಗ ಒಳಗಿನಿಂದ ಕೇಳಿಬಂದ ಮಾತುಗಳವು. ಮರುದಿನ ಅದನ್ನು ಸಾಮಾನ್ಯ ಜಪಸರದ ಮಣಿಗಳ ಮೇಲೆ ಹೇಳುವ ಕ್ರಮ ತಿಳಿಯಿತು. ಕ್ಷಯರೋಗದಿಂದ ಬಳಲಿ, 1938ರ ಅಕ್ಟೋಬರ್ 5ರಂದು ಕ್ರಾಕೊವ್‌ನ ವಾಗಿಯೆವ್ನಿಕಿ ಮಠದಲ್ಲಿ ಅವರು ತೀರಿಕೊಂಡರು. ಆಗ ವಯಸ್ಸು 33.

ಮುಂದೇನೂ ಸಲೀಸಾಗಿ ನಡೆಯಲಿಲ್ಲ. 1959ರಲ್ಲಿ ರೋಮ್ ಈ ಭಕ್ತಿಯನ್ನು ಫೌಸ್ತಿನಾ ಸೂಚಿಸಿದ ರೂಪದಲ್ಲಿ ಪ್ರಚಾರ ಮಾಡಬಾರದೆಂದು ತಡೆಯಿತು. ಅವರ ಬರಹಗಳ ತಪ್ಪು ಅನುವಾದಗಳೂ ಇದಕ್ಕೆ ಕಾರಣವಾಗಿದ್ದವು. ಸುಮಾರು ಇಪ್ಪತ್ತು ವರ್ಷ ಚಿತ್ರಗಳು ಗೋಡೆಯಿಂದಿಳಿದವು. 1978ರ ಏಪ್ರಿಲ್‌ನಲ್ಲಿ ತಡೆ ತೆರವಾಯಿತು. ಅದೇ ಅಕ್ಟೋಬರ್‌ನಲ್ಲಿ ಕ್ರಾಕೊವ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಕರೋಲ್ ವೊಯ್ತಿವಾ ಎರಡನೇ ಜಾನ್ ಪಾಲ್ ಎಂಬ ಹೆಸರಿನಲ್ಲಿ ಜಗದ್ಗುರು, ಅಂದರೆ ಪೋಪ್ ಆದರು. 2000ದ ಏಪ್ರಿಲ್ 30ರಂದು ಅವರೇ ಫೌಸ್ತಿನಾರನ್ನು ಸಂತರೆಂದು ಘೋಷಿಸಿ, ಪಾಸ್ಕದ, ಅಂದರೆ ಈಸ್ಟರ್ ಹಬ್ಬದ, ನಂತರದ ಭಾನುವಾರವನ್ನು ದೇವಕರುಣೆಯ ಭಾನುವಾರವೆಂದು ಸಾರಿದರು. ಈ ಇತಿಹಾಸವನ್ನು ನಾನು ಮುಚ್ಚಿಡುವುದಿಲ್ಲ. ತಾನು ಕಂಡದ್ದನ್ನು ನಂಬಿಯೂ ಧರ್ಮಸಭೆಯ ಮಾತಿಗೆ ಕಾಯುವ ತಾಳ್ಮೆ ಫೌಸ್ತಿನಾ ಬದುಕಿನಲ್ಲೇ ಇತ್ತು. ಅವರ ಭಕ್ತಿಯೂ ಹಾಗೆಯೇ ಕಾದಿತು.

ಕರುಣೆ ಮತ್ತು ಕರುಳು

ಜಪಸರ ಕೈಗೆತ್ತಿಕೊಳ್ಳುವ ಮುನ್ನ ‘ಕರುಣೆ’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಿ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಕರುಣೆಗಿರುವ ಪದಗಳಲ್ಲಿ ಒಂದು ‘ರಹಮೀಮ್’. ಅದು ಗರ್ಭ ಎಂಬರ್ಥದ ‘ರೆಹೆಮ್’ ಪದದೊಡನೆ ಬೆಸೆದುಕೊಂಡಿದೆ. ಶುಭಸಂದೇಶದ ಗ್ರೀಕ್ ಮೂಲದಲ್ಲಿ ಯೇಸು ಜನರನ್ನು ಕಂಡು ಕನಿಕರಪಟ್ಟರು ಎನ್ನುವ ಕಡೆ ಬರುವ ಕ್ರಿಯಾಪದ ಹುಟ್ಟಿರುವುದು ಕರುಳು ಎಂಬರ್ಥದ ಮಾತಿನಿಂದ. ದೂರ ಹೋದ ಮಗ ಮರಳಿ ಬರುವುದನ್ನು ಕಂಡ ತಂದೆಗೆ ಆದದ್ದೂ ಅದೇ. ಕನ್ನಡದಲ್ಲಿ ಕರುಣೆ ಸಂಸ್ಕೃತದ ಮಾತು, ಕರುಳು ನಮ್ಮ ಅಚ್ಚಗನ್ನಡದ ಮಾತು. ಹುಟ್ಟಿನಲ್ಲಿ ಎರಡಕ್ಕೂ ನಂಟಿಲ್ಲ. ಆದರೂ ‘ಹೆತ್ತ ಕರುಳು’, ‘ಕರುಳು ಕಿವುಚಿತು’ ಎನ್ನುವ ನಮಗೆ ಶುಭಸಂದೇಶ ಏನು ಹೇಳುತ್ತಿದೆಯೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಕರುಣೆ ತೋರಿರಿ’ ಎನ್ನುವಾಗ ನ್ಯಾಯಾಧೀಶರ ಮುಂದೆ ಕೈಕಟ್ಟಿ ನಿಂತ ಚಿತ್ರ ಮನಸ್ಸಿಗೆ ಬಂದರೆ ಅದನ್ನು ಬದಿಗಿಡಿ. ಮಗುವಿನ ಅಳು ಕೇಳಿ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಬರುವ ತಾಯಿಯನ್ನು ನೆನೆಯಿರಿ.

ಮನೆಯಲ್ಲಿ ಚಿತ್ರ

ಚಿತ್ರ ಇರಲೇಬೇಕೆಂದಿಲ್ಲ, ಇದ್ದರೆ ಒಳ್ಳೆಯದು. ಮೊದಲ ಚಿತ್ರವನ್ನು ಬರೆದವರು ವಿಲ್ನಿಯಸ್‌ನ ಕಲಾವಿದ ಎವ್ಗೆನಿಯುಷ್ ಕಜಿಮಿರೊವ್ಸ್ಕಿ, 1934ರಲ್ಲಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಚಿತ್ರವನ್ನು 1940ರ ದಶಕದಲ್ಲಿ ಅಡಾಲ್ಫ್ ಹಿವಾ ಕ್ರಾಕೊವ್‌ನ ಮಠಕ್ಕಾಗಿ ಬರೆದರು. ಮೊದಲ ಚಿತ್ರ ನೋಡಿದಾಗ ಫೌಸ್ತಿನಾ ಅತ್ತುಬಿಟ್ಟರಂತೆ. ತಾವು ಕಂಡ ಪ್ರಭುವಿನ ಚೆಲುವು ಅದರಲ್ಲಿ ಬಂದಿರಲಿಲ್ಲ. ಚಿತ್ರದ ಹಿರಿಮೆ ಬಣ್ಣದಲ್ಲೂ ಕುಂಚದಲ್ಲೂ ಇಲ್ಲ, ನನ್ನ ಅನುಗ್ರಹದಲ್ಲಿದೆ ಎಂಬ ಉತ್ತರ ಪ್ರಭುವಿನಿಂದ ಬಂತೆಂದು ಅವರು ದಿನಚರಿಯಲ್ಲಿ ಬರೆದಿದ್ದಾರೆ. ಆದ್ದರಿಂದ ದುಬಾರಿ ಫ್ರೇಮಿನ ಚಿಂತೆ ಬೇಡ. ಪಾಸ್‌ಪೋರ್ಟ್ ಅಳತೆಯ ಕಾರ್ಡೂ ಸಾಕು.

ಎರಡು ಕಿರಣಗಳಲ್ಲಿ ಕೆಂಪನೆಯದು ರಕ್ತವನ್ನೂ ತಿಳಿಬಣ್ಣದ್ದು ನೀರನ್ನೂ ಸೂಚಿಸುತ್ತದೆ. ಶಿಲುಬೆಯ ಮೇಲೆ ಸೈನಿಕನೊಬ್ಬ ಯೇಸುವಿನ ಪಕ್ಕೆಯನ್ನು ತಿವಿದಾಗ ರಕ್ತವೂ ನೀರೂ ಹೊರಬಂದವು ಎನ್ನುತ್ತದೆ ಯೊವಾನ್ನರ ಶುಭಸಂದೇಶ. ಮನೆಯ ಪೀಠದಲ್ಲಿ ಜಾಗವಿಲ್ಲದಿದ್ದರೆ, ದಿನಕ್ಕೆ ಹತ್ತು ಸಲ ಕಣ್ಣು ಬೀಳುವ ಕಡೆ ಇಡಿ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಬಾಗಿಲ ಪಕ್ಕದಲ್ಲಿದೆ. ಬಾಗಿಲು ಕಾಯುವ ತಾಯಿತವೆಂದು ತಿಳಿದು ಮಾತ್ರ ತೂಗುಹಾಕಬೇಡಿ. ಕೆಳಗಿರುವ ಸಾಲನ್ನು ಬಾಯಿಬಿಟ್ಟು ಓದಿದಾಗಲೇ ಅದು ಪ್ರಾರ್ಥನೆಯಾಗುತ್ತದೆ.

ಜಪಸರ ಹೇಳುವ ಕ್ರಮ

ನಿಮ್ಮ ಬಳಿ ಈಗಾಗಲೇ ಇರುವ ಐವತ್ತು ಮಣಿಗಳ ಮಾಮೂಲಿ ಜಪಸರವೇ ಸಾಕು. ಬೇರೆ ಕೊಳ್ಳಬೇಕಿಲ್ಲ. ಅದೂ ಇಲ್ಲದಿದ್ದರೆ ಹತ್ತು ಬೆರಳುಗಳಿವೆ. ಕೆಳಗೆ ಕೊಟ್ಟಿರುವ ಮಾತುಗಳಿಗಿಂತ ನಿಮ್ಮ ಧರ್ಮಕೇಂದ್ರದ ಪ್ರಾರ್ಥನಾ ಪುಸ್ತಕದ ಮಾತುಗಳು ತುಸು ಬೇರೆ ಇರಬಹುದು. ಗುಂಪಿನಲ್ಲಿ ಹೇಳುವಾಗ ಅಲ್ಲಿಯ ರೂಢಿಯನ್ನೇ ಅನುಸರಿಸಿ, ಅರ್ಥ ಒಂದೇ.

1. ಶಿಲುಬೆಯ ಗುರುತು ಹಾಕಿಕೊಳ್ಳಿ. ಯಾರಿಗಾಗಿ ಪ್ರಾರ್ಥಿಸುತ್ತಿದ್ದೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ. ಬಯಸಿದರೆ ಇದನ್ನು ಮೂರು ಸಲ ಸೇರಿಸಿ: “ನಮಗೆ ಕರುಣೆಯ ಬುಗ್ಗೆಯಾಗಿ ಯೇಸುವಿನ ಹೃದಯದಿಂದ ಚಿಮ್ಮಿಬಂದ ರಕ್ತವೇ, ನೀರೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ.”

2. ಪರಲೋಕದಲ್ಲಿರುವ ನಮ್ಮ ತಂದೆಯೇ, ನಮೋ ಮರಿಯಾ, ಪ್ರೇಷಿತರ ವಿಶ್ವಾಸಪ್ರಮಾಣ, ಒಂದೊಂದು ಸಲ.

3. ದೊಡ್ಡ ಮಣಿಯ ಮೇಲೆ: “ನಿತ್ಯ ಪಿತರೇ, ನಮ್ಮ ಪಾಪಗಳಿಗೂ ಇಡೀ ಜಗತ್ತಿನ ಪಾಪಗಳಿಗೂ ಪ್ರಾಯಶ್ಚಿತ್ತವಾಗಿ, ನಿಮ್ಮ ಅತಿಪ್ರಿಯ ಪುತ್ರರೂ ನಮ್ಮ ಪ್ರಭುವೂ ಆದ ಯೇಸುಕ್ರಿಸ್ತರ ಶರೀರ, ರಕ್ತ, ಆತ್ಮ ಹಾಗೂ ದೈವತ್ವವನ್ನು ನಿಮಗೆ ಅರ್ಪಿಸುತ್ತೇನೆ.”

4. ಅದರ ನಂತರದ ಹತ್ತು ಸಣ್ಣ ಮಣಿಗಳ ಮೇಲೆ, ಒಂದೊಂದಕ್ಕೂ: “ಅವರ ಯಾತನಾಮಯ ಪಾಡುಗಳ ನಿಮಿತ್ತ, ನಮ್ಮ ಮೇಲೂ ಇಡೀ ಜಗತ್ತಿನ ಮೇಲೂ ಕರುಣೆ ತೋರಿರಿ.” ಗುಂಪಿನಲ್ಲಿದ್ದರೆ ‘ನಿಮಿತ್ತ’ ಎಂಬಲ್ಲಿಯವರೆಗೆ ಒಬ್ಬರು, ಉಳಿದದ್ದನ್ನು ಎಲ್ಲರೂ ಹೇಳುವುದು ವಾಡಿಕೆ.

5. ಹೀಗೆ ಐದು ಸುತ್ತು.

6. ಕೊನೆಗೆ ಮೂರು ಸಲ: “ಪವಿತ್ರ ದೇವರೇ, ಪವಿತ್ರ ಸರ್ವಶಕ್ತರೇ, ಪವಿತ್ರ ಅಮರರೇ, ನಮ್ಮ ಮೇಲೂ ಇಡೀ ಜಗತ್ತಿನ ಮೇಲೂ ಕರುಣೆ ತೋರಿರಿ.” ಶಿಲುಬೆಯ ಗುರುತಿನೊಡನೆ ಮುಗಿಸಿ.

ಅವಸರವಿಲ್ಲದೆ ಹೇಳಿದರೆ ಏಳೆಂಟು ನಿಮಿಷ, ಹಾಡಿದರೆ ಹೆಚ್ಚು.

ದೊಡ್ಡ ಮಣಿಯ ಮಾತನ್ನು ಗಮನವಿಟ್ಟು ಓದಿ ನೋಡಿ. ಬಲಿಪೂಜೆಯಲ್ಲಿ ಗುರುಗಳ ಕೈಯಲ್ಲಿ ನಡೆಯುವ ಅರ್ಪಣೆಯೊಡನೆ, ಮನೆಯ ಜಗಲಿಯಲ್ಲಿ ಕೂತ ಅಜ್ಜಿಯೊಬ್ಬರು ತಮ್ಮ ಬಡ ಮಾತನ್ನು ಜೋಡಿಸುತ್ತಿದ್ದಾರೆ. ನನ್ನ ಪುಣ್ಯ, ನನ್ನ ಉಪವಾಸ, ನನ್ನ ಹರಕೆ ಇದಾವುದನ್ನೂ ಇಲ್ಲಿ ಮುಂದಿಡುವುದಿಲ್ಲ. ನನ್ನ ಬಳಿ ಕೊಡಲು ಏನೂ ಇಲ್ಲ, ಆದ್ದರಿಂದ ನಿಮ್ಮ ಮಗನನ್ನೇ ನಿಮಗೆ ಅರ್ಪಿಸುತ್ತೇನೆ ಎನ್ನುವ ಧೈರ್ಯ ಅದು. ಇದನ್ನು ಅರಿತ ಮೇಲೆ ‘ನಾನು ಪ್ರಾರ್ಥಿಸಲು ಯೋಗ್ಯನೇ?’ ಎಂಬ ಪ್ರಶ್ನೆ ತಾನಾಗಿ ಸಡಿಲವಾಗುತ್ತದೆ. ಕೊನೆಯ ‘ಪವಿತ್ರ ದೇವರೇ’ ಎಂಬುದಂತೂ ಬಹಳ ಹಳೆಯದು. ಪೂರ್ವದ ಸಭೆಗಳಲ್ಲಿ ಐದನೇ ಶತಮಾನದಿಂದಲೂ ಕೇಳಿಬಂದ ಸ್ತುತಿಯದು. ಶುಭ ಶುಕ್ರವಾರದಂದು ಶಿಲುಬೆಯನ್ನು ಆರಾಧಿಸುವಾಗಲೂ ನಾವದನ್ನು ಹಾಡುತ್ತೇವೆ.

ಹೊಸಬರಿಗೆ ನನ್ನ ಸಲಹೆ: ಮೊದಲ ವಾರ ಐದು ಸುತ್ತು ಹೇಳಲೇಬೇಕೆಂದು ಹಟ ಹಿಡಿಯಬೇಡಿ. ದಿನಕ್ಕೊಂದು ಸುತ್ತು ಸಾಕು: ಒಂದು ದೊಡ್ಡ ಮಣಿ, ಹತ್ತು ಸಣ್ಣವು. ಆ ಒಂದು ಸುತ್ತನ್ನು ಒಬ್ಬರಿಗಾಗಿ ಮೀಸಲಿಡಿ. ಮಾತುಗಳು ಬಾಯಿಗೆ ಹತ್ತಿದ ಮೇಲೆ ಐದೂ ಸುತ್ತನ್ನು ಐದು ಬಗೆಯ ಜನರಿಗೆ ಹಂಚಿಕೊಳ್ಳಬಹುದು. ನಾನು ಹಂಚುವುದು ಹೀಗೆ: ಮನೆಯವರು, ಅಕ್ಕಪಕ್ಕದವರು ಮತ್ತು ಜೊತೆಗೆ ದುಡಿಯುವವರು, ಕಾಯಿಲೆಯವರು, ನನ್ನನ್ನು ನೋಯಿಸಿದವರು, ತೀರಿಹೋದವರು. ನಾಲ್ಕನೆಯ ಸುತ್ತು ಇವತ್ತಿಗೂ ನನಗೆ ಕಷ್ಟ. ಕೆಲವು ದಿನ ಆ ಹತ್ತು ಮಣಿಗಳು ಹಲ್ಲು ಕಚ್ಚಿಕೊಂಡೇ ಸರಿಯುತ್ತವೆ.

ಭಾಷೆಯ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ತಮಿಳು, ತಂದೆತಾಯಿಗೆ ಕನ್ನಡ, ಮಕ್ಕಳಿಗೆ ಇಂಗ್ಲಿಷು. ಮಂಗಳೂರಿನ ಕಡೆಯವರಿಗೆ ಪ್ರಾರ್ಥನೆಯೆಂದರೆ ಕೊಂಕಣಿ. ಅಂಥ ಮನೆಗಳಲ್ಲಿ ಸುತ್ತಿಗೊಂದು ಭಾಷೆಯಲ್ಲಿ ಹೇಳಬಹುದು. ಮಕ್ಕಳಿಗೆ ಒಂದು ಸುತ್ತನ್ನು ನಡೆಸಲು ಬಿಟ್ಟರೆ ಅವರು ಆಕಳಿಸುವುದಿಲ್ಲ.

ಮೂರು ಗಂಟೆ

ಈಗ ಮೆಟ್ಟಿಲ ಮೇಲಿನ ಪ್ರಶ್ನೆಗೆ ಬರೋಣ. ಜಪಸರ ಬೇರೆ, ಮೂರು ಗಂಟೆಯ ಪ್ರಾರ್ಥನೆ ಬೇರೆ. ಜಪಸರವನ್ನು ದಿನದ ಯಾವ ಹೊತ್ತಿನಲ್ಲಾದರೂ ಹೇಳಬಹುದು: ಬೆಳಗಿನ ಬಸ್ಸಿನಲ್ಲಿ, ಬಟ್ಟೆ ಒಗೆಯುವಾಗ, ಮಲಗುವ ಮುನ್ನ. ದಿನಚರಿಯಲ್ಲಿ ಅದಕ್ಕೆ ಗಂಟೆ ಕಟ್ಟಿಲ್ಲ. ರೂಢಿಯಲ್ಲಿ ಎರಡೂ ಬೆರೆತುಹೋಗಿವೆ, ಅಷ್ಟೇ. ರಾತ್ರಿ ಹೇಳಿದ ಜಪಸರಕ್ಕೆ ಫಲ ಕಡಿಮೆಯೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೂರು ಗಂಟೆಯೆಂದರೆ ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಹೊತ್ತು. ಯೆಹೂದ್ಯರ ಲೆಕ್ಕದಲ್ಲಿ ಅದು ಒಂಬತ್ತನೆಯ ತಾಸು. ಪೇತ್ರ ಮತ್ತು ಯೊವಾನ್ನರು ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋಗುತ್ತಿದ್ದಾಗ ಬಾಗಿಲ ಬಳಿಯ ಕುಂಟನನ್ನು ಕಂಡದ್ದೂ ಅದೇ ಹೊತ್ತಿನಲ್ಲಿ. 1938ರಲ್ಲಿ ಫೌಸ್ತಿನಾ ದಿನಚರಿಯಲ್ಲಿ ದಾಖಲಾದ ಕೋರಿಕೆ ಬಹಳ ಮೃದುವಾದದ್ದು: ಗಡಿಯಾರ ಮೂರು ಹೊಡೆದಾಗ ನನ್ನ ಪಾಡುಗಳನ್ನು ನೆನೆ, ಕೆಲಸ ಬಿಟ್ಟು ಶಿಲುಬೆಯ ಹಾದಿಯನ್ನು ಧ್ಯಾನಿಸಲು ಆದರೆ ಒಳ್ಳೆಯದು, ಆಗದಿದ್ದರೆ ಪ್ರಾರ್ಥನಾಲಯಕ್ಕೆ ಒಂದು ಗಳಿಗೆ ಹೋಗು, ಅದೂ ಆಗದಿದ್ದರೆ ಇರುವಲ್ಲಿಯೇ ಒಂದು ಕ್ಷಣವಾದರೂ ಪ್ರಾರ್ಥನೆಯಲ್ಲಿ ಮುಳುಗು. ಅಡುಗೆಮನೆಯಲ್ಲಿ, ತೋಟದಲ್ಲಿ ದುಡಿಯುವ ಹೆಣ್ಣುಮಗಳಿಗೆ ಹೇಳಿದ ಮಾತಿದು. ಆಕೆಯ ಕಷ್ಟ ಹೇಳಿದವರಿಗೆ ಗೊತ್ತಿತ್ತು.

ಹಾಗಾಗಿ ನಾನು ಹೇಳಿಕೊಡುವ ಕ್ರಮ ಸರಳ. ಮೊಬೈಲಿನಲ್ಲಿ ಮೂರು ಗಂಟೆಗೆ ಸದ್ದಿಲ್ಲದೆ ಕಂಪಿಸುವಂತೆ ಅಲಾರಂ ಇಡಿ. ಕಂಪಿಸಿದಾಗ ಮೂರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಶಿಲುಬೆಯನ್ನು ನೆನೆದು, “ಯೇಸುವೇ, ನಿಮ್ಮಲ್ಲಿ ಭರವಸೆ ಇಟ್ಟಿದ್ದೇನೆ” ಎನ್ನಿ. ಎದುರಿಗಿರುವ ಯಾರಾದರೊಬ್ಬರನ್ನು, ರೋಗಿಯನ್ನೋ ಗ್ರಾಹಕರನ್ನೋ ಮೇಲಧಿಕಾರಿಯನ್ನೋ, ಮನಸ್ಸಿನಲ್ಲೇ ಆ ಶಿಲುಬೆಯ ಬುಡಕ್ಕೆ ಕರೆದೊಯ್ಯಿರಿ. ಯಂತ್ರದ ಮುಂದೆ ನಿಂತವರು, ವಾಹನ ಓಡಿಸುವವರು ಕಣ್ಣು ಮುಚ್ಚಬೇಕಿಲ್ಲ. ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವವರು ಊರಿನ ಗಡಿಯಾರ ನೋಡಬೇಕಿಲ್ಲ. ನೀವಿರುವ ಕಡೆಯ ಮೂರು ಗಂಟೆಯೇ ನಿಮ್ಮ ಮೂರು ಗಂಟೆ. ಅಲಾರಂ ಕೇಳದೆ ನಾಲ್ಕಕ್ಕೆ ನೆನಪಾದರೆ ನಾಲ್ಕಕ್ಕೆ ಹೇಳಿ.

ಬೇಸರ, ಮರೆವು, ಲೆಕ್ಕ

ಎಣಿಕೆ ತಪ್ಪಿ ಒಂಬತ್ತೋ ಹನ್ನೊಂದೋ ಆದರೆ ಮೊದಲಿನಿಂದ ಆರಂಭಿಸಬೇಡಿ, ಮುಂದೆ ಹೋಗಿ. ಒಂದು ದಿನ ಬಿಟ್ಟುಹೋದರೆ ಮರುದಿನ ಎರಡು ಸಲ ಹೇಳಿ ತೀರಿಸುವ ಸಾಲವೂ ಇದಲ್ಲ. ಮನಸ್ಸು ಅಲೆದಾಡಿದರೆ, ಅಲೆದು ಹೋದ ಕಡೆಯೇ ಯಾರಿದ್ದಾರೆಂದು ನೋಡಿ ಅವರನ್ನೂ ಪ್ರಾರ್ಥನೆಗೆ ಸೇರಿಸಿ. ಗ್ಯಾಸ್ ಬುಕ್ ಮಾಡುವುದು ನೆನಪಾದರೆ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುವ ಹುಡುಗನಿಗಾಗಿ ಒಂದು ಮಣಿ. ಹೀಗೆ ಮಾಡತೊಡಗಿದ ಮೇಲೆ ನನ್ನ ಎಷ್ಟೋ ಪ್ರಾರ್ಥನೆಗಳಿಗೆ ಜೀವ ಬಂದಿದೆ.

ತಿಂಗಳುಗಟ್ಟಲೆ ಏನೂ ಅನ್ನಿಸದೆಯೂ ಹೋಗಬಹುದು. ಫೌಸ್ತಿನಾರಿಗೂ ದೇವರು ಕೈಬಿಟ್ಟರೇನೋ ಎಂಬ ಕತ್ತಲೆಯ ಕಾಲ ಇತ್ತು. ದಿನಚರಿಯಲ್ಲಿ ಅದು ಹಸಿಯಾಗಿಯೇ ಇದೆ. ಆ ಚಿತ್ರದ ಕೆಳಗೆ ‘ಭರವಸೆ ಇಟ್ಟಿದ್ದೇನೆ’ ಎಂದಿದೆ, ‘ಆನಂದವಾಗಿದ್ದೇನೆ’ ಎಂದಿಲ್ಲ. ಒಣಗಿದ ಬಾಯಲ್ಲಿ ಹೇಳಿದ ಜಪಸರವೂ ಜಪಸರವೇ.

ಒಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ‘ಈ ಜಪಸರವನ್ನು ಇಷ್ಟು ಜನರಿಗೆ ಕಳುಹಿಸಿ, ಇಷ್ಟು ದಿನದಲ್ಲಿ ಶುಭಸುದ್ದಿ ಬರುತ್ತದೆ, ಕಳುಹಿಸದಿದ್ದರೆ ಕೇಡಾಗುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಬಂದರೆ ಅಲ್ಲಿಯೇ ಅಳಿಸಿಹಾಕಿ. ಕರುಣೆಯ ಹೆಸರಿನಲ್ಲಿ ಬೆದರಿಸುವುದು ಈ ಭಕ್ತಿಗೆ ಮಾಡುವ ಅತಿ ದೊಡ್ಡ ಅಪಚಾರ. ಪರೀಕ್ಷೆ, ವೀಸಾ, ಮದುವೆ ಇವುಗಳಿಗಾಗಿ ಬೇಡಿಕೊಳ್ಳುವುದು ತಪ್ಪಲ್ಲ. ಮಕ್ಕಳು ತಂದೆಯನ್ನು ಕೇಳದೆ ಯಾರನ್ನು ಕೇಳಬೇಕು? ಆದರೆ ಕೇಳಿದ್ದು ಸಿಗದಿದ್ದಾಗ ‘ನಾನು ಸರಿಯಾಗಿ ಹೇಳಲಿಲ್ಲ’ ಎಂದು ಮಂತ್ರದ ಲೋಪ ಹುಡುಕುತ್ತಾ ಕೂರಬೇಡಿ.

ಬಾಗಿಲಿಗೆ ಬಂದ ಹುಡುಗ

ಕ್ರಾಕೊವ್‌ನಲ್ಲಿ ಬಾಗಿಲು ಕಾಯುವ ಕೆಲಸದಲ್ಲಿದ್ದಾಗ, ಮಳೆ ಚಳಿಯ ದಿನವೊಂದರಲ್ಲಿ ಹರಕು ಬಟ್ಟೆಯ, ಬರಿಗಾಲಿನ ಬಡ ಯುವಕನೊಬ್ಬ ಬಂದು ಬಿಸಿಯಾದದ್ದೇನಾದರೂ ಇದೆಯೇ ಎಂದು ಫೌಸ್ತಿನಾರನ್ನು ಕೇಳಿದ. ಅಡುಗೆಮನೆಯಲ್ಲಿ ಬಡವರಿಗೆಂದು ಏನೂ ಉಳಿದಿರಲಿಲ್ಲ. ಹುಡುಕಾಡಿ ಸ್ವಲ್ಪ ಸೂಪು ಬಿಸಿ ಮಾಡಿ, ಅದಕ್ಕೆ ರೊಟ್ಟಿ ಮುರಿದು ಹಾಕಿ ತಂದುಕೊಟ್ಟರು. ಉಂಡು ಬಟ್ಟಲು ಹಿಂದಿರುಗಿಸುವಾಗ ಆತ ತಾನು ಯಾರೆಂದು ತೋರಿಸಿಕೊಟ್ಟು ಮರೆಯಾದ. ಅದು ಪ್ರಭುವೇ ಎಂದು ಅವರು ಬರೆದಿದ್ದಾರೆ. ಈ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೊನೆಯ ದರ್ಶನವಲ್ಲ, ‘ಏನೂ ಇಲ್ಲ’ ಎಂದು ಬಾಗಿಲು ಮುಚ್ಚಬಹುದಾಗಿದ್ದಾಗ ಮತ್ತೆ ಅಡುಗೆಮನೆಗೆ ಹೋದ ಆ ಹೆಜ್ಜೆಗಳು.

ಕರುಣೆ ತೋರಲು ಮೂರು ದಾರಿಗಳಿವೆ ಎಂದು ದಿನಚರಿ ಹೇಳುತ್ತದೆ: ಮೊದಲನೆಯದು ಕೆಲಸ, ಎರಡನೆಯದು ಮಾತು, ಮೂರನೆಯದು ಪ್ರಾರ್ಥನೆ. ಈ ಕ್ರಮ ಗಮನಿಸಿ, ಪ್ರಾರ್ಥನೆ ಮೂರನೆಯದು. ಹಾಗಾಗಿ ಬೆಳಿಗ್ಗೆ ಜಪಸರ ಹೇಳುವವರು ಸಂಜೆಯೊಳಗೆ ಒಂದು ಕೆಲಸವನ್ನು ಹುಡುಕಿಕೊಳ್ಳಬೇಕು. ಮನೆಗೆಲಸಕ್ಕೆ ಬರುವಾಕೆಗೆ ಸಂಬಳ ತಡಮಾಡದೆ ಕೊಡುವುದು, ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡುವುದು, ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿರುವ ಪಕ್ಕದ ಹಾಸಿಗೆಯವರಿಗೆ ಫ್ಲಾಸ್ಕಿನಲ್ಲಿ ಗಂಜಿ ಒಯ್ಯುವುದು. ಕೈಯಲ್ಲಿ ಆಗದಿದ್ದರೆ ಒಂದು ಒಳ್ಳೆಯ ಮಾತು. ಅದಕ್ಕೂ ಅವಕಾಶವಿಲ್ಲದಿದ್ದರೆ ಪ್ರಾರ್ಥನೆಯಂತೂ ಯಾವಾಗಲೂ ನಿಮ್ಮ ಕೈಯಲ್ಲಿದೆ.

ನೊವೇನ ಮತ್ತು ದೇವಕರುಣೆಯ ಭಾನುವಾರ

ಒಂಬತ್ತು ದಿನಗಳ ನೊವೇನ ಶುಭ ಶುಕ್ರವಾರ ಆರಂಭವಾಗಿ ಪಾಸ್ಕದ ನಂತರದ ಶನಿವಾರ ಮುಗಿಯುತ್ತದೆ. ದಿನಕ್ಕೊಂದು ಗುಂಪಿನವರನ್ನು ಪ್ರಭುವಿನ ಹೃದಯಕ್ಕೆ ಕರೆತರುವುದೇ ಅದರ ಸಾರ: ಮೊದಲ ದಿನ ಇಡೀ ಮಾನವಕುಲ, ಅದರಲ್ಲೂ ಪಾಪಿಗಳು, ಬಳಿಕ ಕ್ರಮವಾಗಿ ಗುರುಗಳು ಮತ್ತು ಮಠವಾಸಿಗಳು, ನಿಷ್ಠಾವಂತ ಭಕ್ತರು, ಯೇಸುವನ್ನು ಇನ್ನೂ ಅರಿಯದವರು, ಧರ್ಮಸಭೆಯಿಂದ ಬೇರ್ಪಟ್ಟ ಸಹೋದರರು, ದೀನರು ಹಾಗೂ ಪುಟ್ಟ ಮಕ್ಕಳು, ದೇವಕರುಣೆಯನ್ನು ಕೊಂಡಾಡುವವರು, ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳು, ಒಂಬತ್ತನೆಯ ದಿನ ಭಕ್ತಿ ಆರಿಹೋದವರು. ಈ ಕೊನೆಯವರ ನಿರಾಸಕ್ತಿಯೇ ಪ್ರಭುವನ್ನು ಅತಿ ಹೆಚ್ಚು ನೋಯಿಸಿತೆಂದು ಫೌಸ್ತಿನಾ ಬರೆದಿದ್ದಾರೆ. ಆ ದಿನ ನಾನು ಬೇರೆ ಯಾರ ಹೆಸರನ್ನೂ ಹುಡುಕುವುದಿಲ್ಲ, ನನ್ನದನ್ನೇ ಹೇಳುತ್ತೇನೆ.

2027ರಲ್ಲಿ ಪಾಸ್ಕ ಮಾರ್ಚ್ 28ರಂದು ಬರುತ್ತದೆ. ನೊವೇನ 26ರ ಶುಕ್ರವಾರ ಆರಂಭ, ದೇವಕರುಣೆಯ ಭಾನುವಾರ ಏಪ್ರಿಲ್ 4. ಪಾಸ್ಕದ ವಾರದಲ್ಲಿ ನೆಂಟರು, ಊಟ, ಪ್ರಯಾಣ ಇದ್ದೇ ಇರುತ್ತವೆ. ಒಂಬತ್ತೂ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಜಪಸರದ ಚೀಲದೊಳಗೆ ಇಟ್ಟುಕೊಂಡರೆ ದಾರಿಯಲ್ಲೂ ಹೇಳಬಹುದು. ವರ್ಷದ ಬೇರೆ ದಿನಗಳಲ್ಲೂ ನೊವೇನ ಮಾಡಲು ಅಡ್ಡಿಯಿಲ್ಲ.

ಆ ಭಾನುವಾರದ ಭಕ್ತಿಯಲ್ಲಿ ಭಾಗಿಗಳಾಗುವವರಿಗೆ ಧರ್ಮಸಭೆ 2002ರಲ್ಲಿ ಪೂರ್ಣ ದಂಡವಿಮೋಚನೆಯನ್ನು ಅನುಗ್ರಹಿಸಿದೆ. ಕ್ಷಮೆ ಸಿಕ್ಕ ಪಾಪಗಳಿಗೂ ಉಳಿದುಬಿಡುವ ದಂಡನೆಯ ಋಣವನ್ನು ಪೂರ್ತಿಯಾಗಿ ಬಿಡಿಸುವುದು ಎಂದು ಇದರ ಅರ್ಥ. ಅದಕ್ಕೆ ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥನೆ ಬೇಕು. ಸಣ್ಣ ಪಾಪದ ಮೇಲೂ ಮನಸ್ಸಿನ ಅಂಟು ಉಳಿದಿರಬಾರದು. ಪಾಪನಿವೇದನೆ ಅದೇ ದಿನ ಆಗಬೇಕೆಂದಿಲ್ಲ, ಸುಮಾರು ಇಪ್ಪತ್ತು ದಿನ ಹಿಂದೆಮುಂದೆ ಆದರೂ ಸಲ್ಲುತ್ತದೆ. ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದ ಕೊನೆಯ ವಾರಗಳಲ್ಲೇ ಹೋಗಿಬನ್ನಿ. ಭಾನುವಾರ ಬೆಳಿಗ್ಗೆ ಉದ್ದ ಸಾಲಿನಲ್ಲಿ ನಿಂತು ಗುರುಗಳನ್ನೂ ನಿಮ್ಮನ್ನೂ ಅವಸರಪಡಿಸಬೇಡಿ. ಹಲವು ವರ್ಷ ಪಾಪನಿವೇದನೆ ಮಾಡದವರು “ಫಾದರ್, ನನಗೆ ಕ್ರಮ ಮರೆತುಹೋಗಿದೆ, ಸಹಾಯ ಮಾಡಿ” ಎಂದರೆ ಸಾಕು. ಮುಂದಿನದನ್ನು ಅವರು ನಡೆಸಿಕೊಡುತ್ತಾರೆ.

ಕೊನೆಯ ಗಳಿಗೆಯಲ್ಲಿರುವವರ ಬಳಿ

ಸಾವಿನ ಹಾಸಿಗೆಯ ಬಳಿ ಈ ಜಪಸರ ಹೇಳಿದರೆ, ತಾನು ನ್ಯಾಯಾಧೀಶನಾಗಿ ಅಲ್ಲದೆ ಕರುಣಾಮಯ ರಕ್ಷಕನಾಗಿ ತಂದೆಗೂ ಆ ಆತ್ಮಕ್ಕೂ ನಡುವೆ ನಿಲ್ಲುವೆನೆಂದು ಪ್ರಭು ನುಡಿದದ್ದಾಗಿ ದಿನಚರಿಯಲ್ಲಿದೆ. ನನ್ನ ಮಟ್ಟಿಗೆ ಈ ಭಕ್ತಿಯ ತಿರುಳು ಇಲ್ಲಿದೆ. ಇದನ್ನು ಮಾಡುವ ಬಗೆಯನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಪುಸ್ತಕ ಹುಡುಕಲಾಗುವುದಿಲ್ಲ.

ಮೊದಲು ಗುರುಗಳಿಗೆ ಹೇಳಿಕಳುಹಿಸಿ. ರೋಗಿಗಳ ತೈಲಲೇಪನ, ಪಾಪನಿವೇದನೆ, ಪರಮಪ್ರಸಾದ, ಇವುಗಳಿಗೆ ಜಪಸರ ಬದಲಿಯಲ್ಲ. ‘ಗುರುಗಳು ಬಂದರೆ ರೋಗಿ ಹೆದರುತ್ತಾರೆ’ ಎಂದು ಕೊನೆಯ ಉಸಿರಿನವರೆಗೆ ತಡಮಾಡುವವರನ್ನು ಕಂಡಿದ್ದೇನೆ. ಬಹಳ ಸಲ ಹೆದರುವವರು ನಾವೇ. ಆಮೇಲೆ ಹಾಸಿಗೆಯ ತಲೆಯ ಬದಿಗೆ, ಅವರ ಕಿವಿಗೆ ಹತ್ತಿರ ಕುಳಿತುಕೊಳ್ಳಿ. ಮಾತು ನಿಂತವರಿಗೂ ಕೇಳಿಸುತ್ತಿರಬಹುದು. ಅವರ ಬಾಲ್ಯದ ಭಾಷೆಯಲ್ಲಿ, ಮೆಲ್ಲನೆ ಹೇಳಿ. ಜಪಸರವನ್ನು ಅವರ ಅಂಗೈಯಲ್ಲಿಟ್ಟು ನಿಮ್ಮ ಕೈಯನ್ನು ಅದರ ಮೇಲಿಡಿ. ಕೈಗೆ ಸೂಜಿ ಚುಚ್ಚಿದ್ದರೆ ದಿಂಬಿನ ಮೇಲಿರಲಿ. ಬಂದವರೆಲ್ಲ ಗಟ್ಟಿಯಾಗಿ ಅಳುತ್ತಿದ್ದರೆ ಯಾರನ್ನೂ ಗದರಬೇಡಿ, ನೀವು ಹೇಳುತ್ತಾ ಹೋಗಿ; ಎರಡನೆಯ ಸುತ್ತಿನ ಹೊತ್ತಿಗೆ ‘ಕರುಣೆ ತೋರಿರಿ’ ಎನ್ನುವುದಕ್ಕೆ ಒಂದೊಂದಾಗಿ ದನಿಗಳು ಸೇರಿಕೊಳ್ಳುತ್ತವೆ. ತೀವ್ರ ನಿಗಾ ಘಟಕದ ಹೊರಗೆ ನಿಲ್ಲಿಸಿದ್ದರೆ ಅಲ್ಲಿಯೇ, ಗೋಡೆಗೆ ಒರಗಿ ಹೇಳಿ. ವಿದೇಶದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಸೇರಿಕೊಳ್ಳಬಹುದು. ಅವರು ಒಂದು ಸುತ್ತನ್ನು ನಡೆಸಲಿ.

ನಡುವೆಯೇ ಉಸಿರು ನಿಂತರೆ ಪ್ರಾರ್ಥನೆ ನಿಲ್ಲಿಸಬೇಕಿಲ್ಲ. ನಮ್ಮ ತಾಯಿ ಹೋದದ್ದು ನಾಲ್ಕನೆಯ ಸುತ್ತಿನ ಆರೋ ಏಳೋ ಮಣಿಯ ಬಳಿ. ಅಕ್ಕ ಅವರ ಕಣ್ಣು ಮುಚ್ಚಿ, ನೆರಿಗೆ ಸರಿಮಾಡಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ಉಳಿದ ಮಣಿಗಳನ್ನು ಹೇಳಿ ಮುಗಿಸಿ, ಐದನೆಯ ಸುತ್ತನ್ನು ಅವರ ಹೆಸರಿನಲ್ಲಿ ಆರಂಭಿಸಿದೆವು.